ಕೆಂಪು ದೋಣಿಯಡಿಯ ರೋರಿ

ದುಬೈಯ ಅಲ್ ಕುಸೈಸ್ ಬಡಾವಣೆಯಲ್ಲಿ ನಮ್ಮೂರವರು ನಾಲ್ಕು ಜನ ಸೇರಿದರೆ ಸದಾಶಿವ ಮಾವನ ಕಥೆ ಬರುತ್ತದೆ. ಮಾವ ದುಬೈಯಲ್ಲಿದ್ದುಕೊಂಡೇ ಸ್ಕಾಟ್ಲೆಂಡಿನಲ್ಲಿ ಕಳೆದುಹೋದ ನಾಯಿಯನ್ನು ಹುಡುಕಿಕೊಟ್ಟರು, ಅವರ ಸಾಹೇಬ ಮಾವನಿಗೆ ಟಿಕೆಟ್ ಕಳಿಸಿ ತನ್ನೂರಿಗೇ ಕರೆಸಿಕೊಂಡ ಎಂದು. ಮೊದಲರ್ಧ ನಿಜ. ಉಳಿದರ್ಧ ಶುದ್ಧ ಸುಳ್ಳು. ಮಾವ ವಿಮಾನವೇನೋ ಹತ್ತಿದರು. ಅದು ಮಂಗಳೂರಿನ ವಿಮಾನ.

ವಿಚಿತ್ರವೆಂದರೆ, ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯದಿರುವುದು ಆ ನಿಜವಾದ ಅರ್ಧವೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ, ಜ್ಯೋತಿಷ್ಯ, ದಿವ್ಯದೃಷ್ಟಿ ಎಲ್ಲಕ್ಕೂ ಐದೈದು ನಿಮಿಷದಲ್ಲಿ ಮಣ್ಣು ಮುಕ್ಕಿಸಿದವಳು ನಾನು. ಮಾವ ನನ್ನನ್ನು ಕರೆಯುತ್ತಿದ್ದದ್ದೇ ‘ಲಾಯರಮ್ಮ’ ಎಂದು. ಇರಲಿ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಮಾವ ಹನ್ನೆರಡು ವರ್ಷ ಜುಮೇರಾದ ಕಡಲ ಬದಿಯ ಒಂದು ವಿಲ್ಲಾದಲ್ಲಿ ಡ್ರೈವರ್, ಅಡುಗೆಯವರು, ಕಾವಲಿನವರು, ಎಲ್ಲವೂ ಆಗಿದ್ದರು. ಸಾಹೇಬ ಸ್ಕಾಟ್ಲೆಂಡಿನ ಮೀನುಗಾರರ ಹಳ್ಳಿಯೊಂದರವನು. ಪ್ರತಿ ಬೇಸಿಗೆ ಗಂಡಹೆಂಡತಿ ಆ ತಂಪಿಗೆ ಹೋಗುತ್ತಿದ್ದರು. ರೋರಿ ಎಂಬ ಕಂದು ನಾಯಿ ಮಾವನ ಜೊತೆ ಕಾದ ಕಾವಲಿಯಂಥ ಈ ದುಬೈಯಲ್ಲಿ ಉಳಿಯುತ್ತಿತ್ತು. ಅದನ್ನು ಹೊರಗೆ ಒಯ್ಯುವ ಮೊದಲು ಮಾವ ಬಗ್ಗಿ, ಕೈಯ ಹಿಂಬದಿಯನ್ನು ನೆಲಕ್ಕೆ ಒತ್ತುತ್ತಿದ್ದರು. ಐದು ಎಣಿಸುವವರೆಗೆ ತಡೆಯಲಾದರೆ ನಾಯಿಯ ಕಾಲು ಸುಡುವುದಿಲ್ಲ. ತಡೆಯಲಾಗದಿದ್ದರೆ, “ಖಲಾಸ್ ರೋರಿ, ಒಳಗೆ ನಡಿ.”

೨೦೧೩ರ ಜೂನ್‌ನಲ್ಲಿ ಸಾಹೇಬ ನಿವೃತ್ತನಾಗಿ ಊರಿಗೆ ಹೊರಟ. ಈ ಸಲ ನಾಯಿಗೂ ಟಿಕೆಟ್. ಮಾವನ ವೀಸಾ ಕ್ಯಾನ್ಸಲ್. ಮೂವತ್ತು ದಿನದೊಳಗೆ ಬೇರೆ ಮನೆಯಲ್ಲಿ ಕೆಲಸ ಹಿಡಿಯಬೇಕು, ಇಲ್ಲವೇ ದೇಶ ಬಿಡಬೇಕು. ಅಬುಧಾಬಿಯಲ್ಲಿ ಒಂದು ಮನೆ ಸಿಕ್ಕಿಯೂ ಇತ್ತು. ಅವರು ಕೇಳಿದ್ದು ಒಂದೇ, ಈತ ಬೇರೆ ಕಡೆ ಸೇರಲು ಅಡ್ಡಿಯಿಲ್ಲ ಎಂಬ ಹಳೆಯ ಸಾಹೇಬನ ಸಹಿಯ ಪತ್ರ. ಏರ್‌ಪೋರ್ಟಿಗೆ ಬಿಟ್ಟುಬರುವಾಗಲೂ ಮಾವ ಅದನ್ನು ಕೇಳಿರಲಿಲ್ಲ.

“ಹೊರಟು ನಿಂತವರ ಹತ್ತಿರ ಕಾಗದ ಕೇಳಿದರೆ ನಂಬಿಕೆ ಇಲ್ಲ ಅಂತ ಆಗುವುದಿಲ್ವಾ ಮಾರಾಯ್ತಿ? ಅವರೇ ಕಳಿಸ್ತಾರೆ.”

ಕಳಿಸಲಿಲ್ಲ. ನನ್ನ ಐದು ಇಮೇಲಿಗೆ ಉತ್ತರವಿಲ್ಲ. ಫೋನ್ ಎತ್ತಲಿಲ್ಲ. ಮಾವ ನಾನೂ ಅಣ್ಣನೂ ಇದ್ದ ಫ್ಲಾಟಿಗೆ ಬಂದು ದಿನ ಎಣಿಸತೊಡಗಿದರು.

ಇಪ್ಪತ್ತೆಂಟನೆಯ ದಿನ ಶುಕ್ರವಾರ. ಬೆಳಗ್ಗೆ ಹತ್ತಕ್ಕೆ ಮೊಸರು ತರಲು ಇಬ್ಬರೂ ಕೆಳಗಿಳಿದೆವು. ಮಾವ ಹಳೆಯ ಅಭ್ಯಾಸದಿಂದ ಬಗ್ಗಿ ಫುಟ್‌ಪಾತಿಗೆ ಕೈ ಒತ್ತಿದರು.

“ನಾಯಿ ಇಲ್ಲ ಮಾವ. ನಮ್ಮಿಬ್ಬರ ಕಾಲಲ್ಲೂ ಚಪ್ಪಲಿ ಉಂಟು,” ಎಂದು ನಕ್ಕೆ.

ಅವರು ಕೈ ತೆಗೆಯಲಿಲ್ಲ. ಐದಲ್ಲ, ಐವತ್ತು ಎಣಿಸುವಷ್ಟು ಹೊತ್ತು.

“ಐಸ್ ನೀರಿನ ಹಾಗೆ ಉಂಟು,” ಎಂದರು. “ರೋರಿ ದೋಣಿಯ ಅಡಿಯಲ್ಲಿ. ಕವುಚಿ ಹಾಕಿದ ಕೆಂಪು ದೋಣಿ. ಎಡ ಮುಂಗಾಲು ಬಲೆಯಲ್ಲಿ ಸಿಕ್ಕಿದೆ. ನೀರು ಏರ್ತಾ ಉಂಟು. ಫೋನ್ ಮಾಡು.”

ನೆಲ ಮುಟ್ಟಿದೆ, ಚುರ್ ಎಂದಿತು. ಅವರ ಕೈ ಮುಟ್ಟಿದೆ. ಫ್ರಿಜ್ಜಿನಿಂದ ತೆಗೆದ ಹಾಗಿತ್ತು.

ನಂಬಿ ಫೋನ್ ಮಾಡಲಿಲ್ಲ, ಮಾವನನ್ನು ಅಲ್ಲಿಂದ ಎಬ್ಬಿಸಲು ಮಾಡಿದೆ. ಸಾಹೇಬ ಮೊದಲ ರಿಂಗಿಗೇ ಎತ್ತಿದ. “ನಾಯಿ ಸಿಕ್ಕಿತೇ?” ಎಂದ. ಯಾರ ನಂಬರೆಂದು ನೋಡಿರಲಿಲ್ಲ, ನಾಯಿಯನ್ನು ಕಂಡವರೆಂದುಕೊಂಡಿದ್ದ. ಬೆಳಕು ಹರಿದಾಗಿನಿಂದ ಹುಡುಕುತ್ತಿದ್ದನಂತೆ. ಮಾವ ಅಂದದ್ದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಓಡುವ ಬೂಟಿನ ಸದ್ದು, ಏದುಸಿರು. ಇಲ್ಲಿ ಮಾವ ತಟ್ಟನೆ ಕೈ ಎಳೆದುಕೊಂಡು, “ಅಬ್ಬ, ಸುಡ್ತದೆ!” ಎಂದರು. ಅದರ ಬೆನ್ನಿಗೇ ಫೋನಿನಲ್ಲಿ ರೋರಿ ಬೊಗಳಿತು.

ಹೌದು, ಎಡಗಾಲೇ, ಬಲೆಯೇ ಎಂದು ಸಾಹೇಬ ಅಳುತ್ತ ಹೇಳಿದ. ಅಳು ನಿಲ್ಲುವ ಮೊದಲೇ ಪತ್ರದ ಸುದ್ದಿ ತೆಗೆದೆ, ಉಳಿದಿರುವುದು ಎರಡೇ ದಿನವೆಂದೆ. “ಖಂಡಿತ, ಇವತ್ತೇ,” ಎಂದ.

ಪತ್ರ ಬರಲಿಲ್ಲ. ಮೂವತ್ತನೆಯ ದಿನ ಮಾವ ಹೊರಟರು.

ವಾದಗಳು ನನ್ನಲ್ಲೂ ಇವೆ. ಸಾಹೇಬ ತೋರಿಸುತ್ತಿದ್ದ ಊರಿನ ಫೋಟೋಗಳಲ್ಲಿ ಕೆಂಪು ದೋಣಿ ಇತ್ತು. ರೋರಿಗೆ ಕಾರಿನ ಅಡಿ ನುಸುಳುವ ಚಾಳಿ ಇತ್ತು. ಅಷ್ಟರಿಂದ ಯಾರು ಬೇಕಾದರೂ ಊಹಿಸಬಹುದು. ಆದರೆ ಎಡಗಾಲು? ಅದೇ ಬೆಳಗ್ಗೆ? ಆ ತಣ್ಣನೆಯ ಕೈ? ಮಾವನನ್ನೇ ಕೇಳಿದರೆ, “ನನಗೆಂತ ಗೊತ್ತು ಲಾಯರಮ್ಮ. ಅದರ ಕಾಲಿಗೆ ಏನೂ ಆಗಲಿಲ್ಲ ಅಲ್ವಾ?” ಎನ್ನುತ್ತಾರೆ, ಅಷ್ಟೇ.

ಅವರು ಹೋದ ಮರುವಾರ ಸಾಹೇಬನ ಇಮೇಲ್ ಬಂತು. ಪತ್ರವಲ್ಲ, ಒಂದೇ ಸಾಲು: ನಾಯಿ ಅಲ್ಲಿದೆಯೆಂದು ಆತನಿಗೆ ಹೇಗೆ ತಿಳಿಯಿತು? ನನಗೆ ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿ ಬರೆದೆ, ಇವತ್ತೂ ಗೊತ್ತಿಲ್ಲ. ಕೆಳಗೆ ನನ್ನದೂ ಒಂದು ಪ್ರಶ್ನೆ ಸೇರಿಸಿದೆ: ಅಷ್ಟು ದೂರದಿಂದ ಮಾವ ಆಡಿದ ಒಂದು ಮಾತನ್ನು ನಂಬಿ ನೀವು ಓಡಿದಿರಲ್ಲ, ಅವರಿಗೊಂದು ಸಹಿ ಹಾಕಲು ಏನು ಅಡ್ಡ ಬಂತು?