ಹೊಸ ಟಿವಿಗೆ ಅತ್ತೆ ಎಳೆದ ವಿಭೂತಿ

ಫ್ರೆಂಡ್ಸ್, ಇವತ್ತು ಬೇಲೂರಿನ ನಮ್ಮ ಮನೆಗೆ ಹೊಸ ಟಿವಿ ಬಂತು. ಪೂಜೆಗೆ ನಿಂತ ಅತ್ತೆ ಮೂರು ಬೆರಳಲ್ಲಿ ವಿಭೂತಿ ತೆಗೆದು ಪರದೆಯ ಮೇಲೆಯೇ ಎಳೆದುಬಿಟ್ಟರು!

"ಅಮ್ಮಾ, ಸ್ಕ್ರೀನ್ ಹಾಳಾಗತ್ತೆ!" ಎಂದು ನನ್ನ ಗಂಡ ಬಟ್ಟೆ ಹಿಡಿದು ಓಡಿಬಂದರು.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯ ಮುಖ ಸಣ್ಣಗಾಯಿತು. "ನಗು ಕಣಮ್ಮ, ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದೋಳು. ನಮ್ದೆಲ್ಲ ನಿಂಗೆ ತಮಾಷೆ."

ಅಯ್ಯೋ! ಮದುವೆಯಾಗಿ ತಿಂಗಳಾಗಿಲ್ಲ, ಆಗಲೇ ಅವರ ಮನಸ್ಸು ನೋಯಿಸಿಬಿಟ್ಟೆನಲ್ಲ! "ಇಲ್ಲ ಅತ್ತೆ, ಅರಸೀಕೆರೆಯ ನಮ್ಮ ಮಠದ ಸ್ಕೂಲು ನೆನಪಾಯ್ತು" ಎಂದು ಎಲ್ಲ ಹೇಳಿದೆ.

ಮೂರನೇ ಕ್ಲಾಸಿನಲ್ಲಿ ನಮಗೆ ಹೆಡ್‌ಮಿಸ್ ರೂಮಿನ ಟಿವಿಯಲ್ಲಿ ವಿಜ್ಞಾನದ ಪಾಠ ತೋರಿಸುತ್ತಿದ್ದರು. ನೆಲದ ಮೇಲೆ ಒತ್ತೊತ್ತಾಗಿ ಕೂತು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು. ಆಯುಧಪೂಜೆಗೆ ಪರದೆಗೆ ಬಳಿದಿದ್ದ ವಿಭೂತಿಯನ್ನು ಒರೆಸುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಚಂದ್ರನಿಗೂ ವಿಭೂತಿ, ಕಪ್ಪೆಗೂ ವಿಭೂತಿ! ಪಾಠ ಹೇಳುವ ಕನ್ನಡಕದ ಅಂಕಲ್ ಹತ್ತಿರ ಬಂದಾಗಲಂತೂ ಅದು ಸರಿಯಾಗಿ ಅವರ ಹಣೆಗೇ ಕೂರುತ್ತಿತ್ತು. "ನಮ್ಮ ಮಠದೋರೇ ಕಣೇ!" ಎಂದಿದ್ದಳು ಪಕ್ಕದ ಹುಡುಗಿ. ನಾನೂ ನಂಬಿದ್ದೆ. ಅವರ ಇಂಗ್ಲಿಷ್ ಅರ್ಧ ಅರ್ಥವಾಗದಿದ್ದರೂ, ನಮ್ಮವರಲ್ಲವೇ ಎಂದು ಪ್ರೀತಿಯಿಂದ ಕೇಳುತ್ತಿದ್ದೆ. ಎಷ್ಟು ಚೆಂದದ ಮಧ್ಯಾಹ್ನಗಳವು!

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಗನ ಕೈಯಿಂದ ಬಟ್ಟೆ ಕಿತ್ತುಕೊಂಡು, "ಅದ್ಕೇ ಕಣೋ ಇವಳ ತಲೆಗೆ ವಿದ್ಯೆ ಹತ್ತಿರೋದು. ಒರೆಸಿದ್ರೆ ನೋಡು!" ಎಂದರು.

ಈಗ ನಾನೂ ಅತ್ತೆಯೂ ಒಂದೇ ಪಕ್ಷ. ಗಂಡ ಮ್ಯಾಚ್ ನೋಡಲು ಪಕ್ಕದ ಮನೆಗೆ ಹೋಗಿದ್ದಾರೆ.