ಒಂದೇ ಡಬ್ಬಿಯಲ್ಲಿ ಇಬ್ಬರ ಪಾಲು

ಗಂಗರತ್ನಮ್ಮನ ವಿಷಯ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವಳ ಮೇಲಲ್ಲ, ನಮ್ಮ ಹಾಲಿನ ಸಂಘದ ಮೇಲೆ. ಶ್ರೀನಿವಾಸಪುರದ ಆ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಎಂಬತ್ತೇಳರಲ್ಲಿ ಕೋಲಾರದಿಂದ ಜೀಪಿನಲ್ಲಿ ಕಂಪ್ಯೂಟರ್ ಬಂತು. ಅದಕ್ಕೆ ಸಿಕ್ಕ ಮರ್ಯಾದೆ ಇಪ್ಪತ್ತು ವರ್ಷ ದುಡಿದ ನಮಗ್ಯಾರಿಗೂ ಸಿಗಲಿಲ್ಲ. ಅದಕ್ಕೊಂದು ಕೋಣೆ, ಕಿಟಕಿಗೆ ಪರದೆ, ಹೊಸ ಫ್ಯಾನು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಜಾಗವಿಲ್ಲವೆಂದು ನನ್ನ ಟೈಪ್‌ರೈಟರನ್ನೂ ಅಲ್ಲಿಗೇ ತಳ್ಳಿದರು. ಹಾಗಾಗಿ ಮುಂದೆ ನಡೆದದ್ದನ್ನೆಲ್ಲ ನಾನು ಕಣ್ಣಾರೆ ಕಂಡೆ.

ಕಂಪ್ಯೂಟರಿಗೆಂದು ಇಬ್ಬರನ್ನು ಹಂಗಾಮಿಯಾಗಿ ತೆಗೆದುಕೊಂಡಿದ್ದರು. ಒಬ್ಬ ಮುಳಬಾಗಿಲಿನ ಸುಬ್ರಹ್ಮಣ್ಯ, ಲೆಕ್ಕಪತ್ರದ ಮನೆತನದವನು, ನಡೆಯುವಾಗಲೂ ಜೇಬಿನ ಪೆನ್ನು ಮುಟ್ಟಿ ನೋಡಿಕೊಳ್ಳುವವನು. ಇನ್ನೊಬ್ಬಳು ಗೌನಿಪಲ್ಲಿಯ ಗಂಗರತ್ನಮ್ಮ. ಮನೆಯಲ್ಲಿ ಮಾವಿನ ತೋಪು, ಮನೆಮಾತು ತೆಲುಗು, ಓದಿದ್ದು ಕನ್ನಡ. ಇಬ್ಬರೂ ಕೋಲಾರದ ಒಂದೇ ಕ್ಲಾಸಿನಲ್ಲಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದರು.

ಸೆಕ್ರೆಟರಿ ಕೋದಂಡರಾಮಪ್ಪನವರು ಮೊದಲ ದಿನವೇ ಹೇಳಿಬಿಟ್ಟರು. "ಮಹಾಸಭೆ ಹೊತ್ತಿಗೆ ಬೋನಸ್ ಪಟ್ಟಿ ಈ ಮಿಷನ್ನಿಂದ ಬರ್ಬೇಕು. ಆಮೇಲೆ ಇಬ್ಬರಲ್ಲಿ ಒಬ್ಬರನ್ನ ಖಾಯಂ ಮಾಡ್ತೀನಿ. ಇನ್ನೊಬ್ಬರು ಮನೆಗೆ."

ಮನೆ ಎಂದರೆ ಗಂಗರತ್ನಳಿಗೆ ಅಣ್ಣ ದೊಡ್ಡವೆಂಕಟಪ್ಪನ ತೋಪು. ಮಾವಿನ ಸಸಿಗೆ ಕಸಿ ಕಟ್ಟುವುದರಲ್ಲಿ ಅವಳ ಕೈ ಚೆನ್ನಾಗಿತ್ತು, ಅದನ್ನು ಅವಳೇನೂ ಕೀಳೆಂದು ಎಣಿಸಿದವಳಲ್ಲ. ಆದರೂ ಈ ಕೆಲಸ ಯಾಕೆ ಬೇಕೆಂದು ಒಮ್ಮೆ ನಾನೇ ಕೇಳಿದ್ದೆ.

"ಅಕ್ಕ, ಮನೇಲಿ ಒಂದು ಲೆಕ್ಕ ಮನಸ್ಸಲ್ಲಿ ಹಿಡಿಯೋ ಹೊತ್ತಿಗೆ ನೀರು ತಾ, ಕಾಫಿ ತಾ ಅಂತ ಕರೀತಾರೆ. ಇಲ್ಲಿ ಕೂತ್ರೆ ಯಾರೂ ಕರಿಯಲ್ಲ," ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಕರೆಯದೆ ಬಿಡುವ ಒಂದು ಕುರ್ಚಿ.

ಕೆಲಸವನ್ನು ಇಬ್ಬರೂ ಹಂಚಿಕೊಂಡರು. ಪ್ರತಿಯೊಬ್ಬ ಸದಸ್ಯರ ವರ್ಷದ ಹಾಲನ್ನು ಕೂಡಿಸುವ ಪ್ರೋಗ್ರಾಂ ಇವಳದು. ಆ ಹಾಲಿನ ಮೇಲೆ ಬೋನಸ್ ಕಟ್ಟುವ ದೊಡ್ಡ ಪ್ರೋಗ್ರಾಂ ಅವನದು. ಬೇರೆ ಬೇರೆಯಾಗಿ ಓಡಿಸಿದಾಗ ಎರಡೂ ಚಿನ್ನ. ಇವಳದನ್ನು ಫ್ಲಾಪಿಯಿಂದ ಎಳೆದು ಅವನದರೊಳಗೆ ಸೇರಿಸಿದ ದಿನ ಶುರುವಾಯಿತು ನೋಡಿ ಗ್ರಹಚಾರ. ಒಂದೇ ಎಮ್ಮೆ ಕಟ್ಟಿಕೊಂಡ ಅಕ್ಕಯಮ್ಮನಿಗೆ ಸಂಘದ ಕಟ್ಟಡ ಮಾರಿದರೂ ತೀರದಷ್ಟು ಬೋನಸ್ ಬಂದಿತ್ತು!

"ನಂದು ಸರಿಯಾಗೇ ಇತ್ತಲ್ಲಮ್ಮ. ನಿಂದು ಬಂದು ಸೇರಿದ ಮೇಲೇ ಕೆಟ್ಟಿದ್ದು," ಎಂದ ಸುಬ್ರಹ್ಮಣ್ಯ.

"ನಂದೂ ಸರಿಯಾಗೇ ಇದೆ. ಬೇಕಾದ್ರೆ ಈಗ್ಲೇ ಓಡಿಸಿ ತೋರಿಸ್ತೀನಿ."

ತೋರಿಸಿದಳು. ಸರಿಯಾಗಿತ್ತು. ಅವನೂ ತೋರಿಸಿದ, ಅದೂ ಸರಿ. ಮತ್ತೆ ಸೇರಿಸಿದರು, ಮತ್ತೆ ಅಕ್ಕಯಮ್ಮ ಕೋಟ್ಯಧೀಶೆ. ಕುಣಿಯಲಾರದವರಿಗೆ ನೆಲ ಡೊಂಕು ಅನ್ನುತ್ತಾರೆ, ಇಲ್ಲಿ ಇಬ್ಬರಿಗೂ ಕುಣಿಯಲು ಬರುತ್ತಿತ್ತು, ನೆಲವೂ ನೆಟ್ಟಗಿತ್ತು. ಮಧ್ಯೆ ಕರೆಂಟು ಹೋಗಿ ಬರೆದದ್ದೆಲ್ಲ ಅಳಿಸಿಹೋಗುವುದು, ಮೊದಲಿನಿಂದ ಕುಟ್ಟುವುದು. ದಿನವಿಡೀ ಇದೇ ಮಾತು ಕೇಳಿ ನನ್ನ ತಲೆ ಸಿಡಿಯುತ್ತಿತ್ತು.

"ನಿಮ್ಮಲ್ಲಿ ಪಾಲು ಸರಿಯಾಗಿದೆಯಾ?" ಎಂದು ಇವಳು ಕೇಳುವಳು.

"ಪಾಲು ಸರಿಯಾಗೇ ಇದೆ. ನಿನ್ನಲ್ಲಿ?"

"ನನ್ನಲ್ಲೂ ಪಾಲು ಸರಿಯಾಗಿದೆ."

ಸಭೆಗೆ ವಾರವಿದ್ದಾಗ ಅಕ್ಕಯಮ್ಮನೇ ಆಫೀಸಿಗೆ ಬಂದಳು. ಚಪ್ಪಲಿಯನ್ನೇ ಹಾಕದವಳಾದ್ದರಿಂದ ಬಿಡುವ ಪ್ರಮೇಯವೇ ಇರಲಿಲ್ಲ, ನೇರ ಕೋಣೆಗೆ ನುಗ್ಗಿ ಮಿಷನ್ನಿನ ಮುಂದೆ ನಿಂತು ತೆಲುಗು ಬೆರೆತ ಮಾತಿನಲ್ಲಿ ಎಷ್ಟೆಂದು ಕೇಳಿದಳು.

"ಅಮ್ಮಾ, ನಾ ಪಾಲೆಂತ?"

"ಸಾವಿರದ ಇನ್ನೂರು ಲೀಟರು," ಎಂದಳು ಗಂಗರತ್ನ.

"ಲೀಟರಿಗೆ ಹದಿನೈದು ಪೈಸೆ," ಎಂದ ಸುಬ್ರಹ್ಮಣ್ಯ, ಅದೇ ಉಸಿರಿನಲ್ಲಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಲೆಕ್ಕದ ಒಂದೊಂದು ಅಂಕಿಗೂ ನಿಮಗೆ ನೆನಪಿರುವಂಥ ಹೆಸರಿಡಿ ಎಂದು ಕೋಲಾರದ ಮೇಷ್ಟ್ರು ಕಲಿಸಿದ್ದರಂತೆ. ಇವಳು ಮನೆಮಾತಿನಲ್ಲಿ ಹಾಲಿಗೆ ಪಾಲು ಎಂದು ಇಟ್ಟಿದ್ದಳು. ಅವನು ಕನ್ನಡದಲ್ಲಿ ಸದಸ್ಯರ ಪಾಲಿಗೆ, ಅಂದರೆ ಬೋನಸ್ಸಿನ ದರಕ್ಕೆ, ಪಾಲು ಎಂದು ಇಟ್ಟಿದ್ದ. ಪರದೆಯ ಮೇಲೆ ಎರಡೂ ಅದೇ ನಾಲ್ಕು ಇಂಗ್ಲಿಷ್ ಅಕ್ಷರ. ಮಿಷನ್ನಿಗೆ ತೆಲುಗು ಯಾವುದು, ಕನ್ನಡ ಯಾವುದು? ಅಂಕಿ ಹಾಕಿಡಲು ಆ ಹೆಸರಿನ ಡಬ್ಬಿ ಅದರೊಳಗೆ ಇದ್ದದ್ದು ಒಂದೇ. ಅವನು ದರ ಹಾಕಿಟ್ಟ ಡಬ್ಬಿಗೆ ಇವಳು ಹಾಲು ಸುರಿದಳು. ಅದು ಹಾಲನ್ನು ಹಾಲಿನಿಂದಲೇ ಗುಣಿಸಿ ಬೋನಸ್ ಕಟ್ಟಿತು.

ಸುಬ್ರಹ್ಮಣ್ಯ ನಿರಾಳವಾದ. "ಇಷ್ಟೇನಾ! ನಿನ್ನ ಹೆಸರು ಬದಲಾಯಿಸಮ್ಮ, ಮುಗೀತು."

"ಇವತ್ತು ಪಾಲು. ನಾಳೆ ಇನ್ನೊಂದು ಹೆಸರು ತಾಕುತ್ತೆ. ಆವಾಗ?"

"ಆವಾಗಿಂದು ಆವಾಗ ನೋಡ್ಕೊಳ್ಳೋಣ."

ಅವಳು ಒಪ್ಪಲಿಲ್ಲ. ನನಗೆ ವಿವರಿಸಿದ್ದು ಹೀಗೆ: "ಅಕ್ಕ, ಬೇರೆ ಮನೆಯವರು ಬಂದ್ರೆ ನಮ್ಮ ಅಡಿಗೆಮನೆ ಡಬ್ಬಿಗೆಲ್ಲಾ ಕೈ ಹಾಕಬಾರ್ದು. ಬಾಗಿಲಲ್ಲಿ ಏನು ಕೊಡ್ತೀವೋ ಅಷ್ಟು ತಗೊಂಡು, ಏನು ಕೇಳ್ತೀವೋ ಅಷ್ಟು ಕೊಟ್ಟು ಹೋಗ್ಬೇಕು." ತನ್ನ ಪ್ರೋಗ್ರಾಮನ್ನು ಹಾಗೆಯೇ ಮತ್ತೆ ಬರೆದಳು. ಅದು ಈಗ ಯಾರದರೊಳಗೂ ಬೆರೆಯುತ್ತಿರಲಿಲ್ಲ. ಕರೆದಾಗ ಬಂದು, ಸದಸ್ಯರ ನಂಬರು ಪಡೆದು, ವರ್ಷದ ಹಾಲು ಹೇಳಿ, ತನ್ನ ಡಬ್ಬಿಗಳನ್ನು ತಾನೇ ಎತ್ತಿಕೊಂಡು ಹೋಗುತ್ತಿತ್ತು. ಒಳಗೆ ಯಾವ ಹೆಸರಿದ್ದರೂ ಹೊರಗಿನವರಿಗೆ ತಾಕುತ್ತಿರಲಿಲ್ಲ. ಹಾಗೆಯೇ ಇನ್ನೂ ನಾಲ್ಕು ತುಂಡು ಬರೆದಳು, ಒಂದೊಂದೂ ತನ್ನ ಪಾಡಿಗೆ ತಾನು.

ಸುಬ್ರಹ್ಮಣ್ಯನದು ಮಾತ್ರ ಮೊದಲಿನಂತೆ ಉದ್ದಕ್ಕೆ ಒಂದೇ ಸಿಕ್ಕು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತಿತ್ತು, ಎಲ್ಲಿ ಹರಿಯಿತೆಂದು ಅವನೊಬ್ಬನಿಗೇ ಗೊತ್ತು.

ಮಹಾಸಭೆಯಲ್ಲಿ ಪಟ್ಟಿ ಸರಿಯಾಗಿ ಬಂತು. ಚಪ್ಪಾಳೆ, ಹಾರ, ಜಹಾಂಗೀರು ಎಲ್ಲ ಆಯಿತು. ಮಾರನೆಯ ದಿನ ಕೋದಂಡರಾಮಪ್ಪನವರು ಗಂಗರತ್ನಳನ್ನು ಕರೆಸಿದರು. ನಾನು ಅಲ್ಲೇ ಡಿಕ್ಟೇಶನ್ ತೆಗೆದುಕೊಳ್ಳುತ್ತಿದ್ದೆ.

"ನಿಂದೆಲ್ಲಾ ಪೂರ್ತಿಯಾಗಿದೆ ಕಣಮ್ಮ. ಫ್ಲಾಪಿ ಹಾಕಿದ್ರೆ ತಾನಾಗೇ ಓಡುತ್ತೆ, ಯಾರು ಬೇಕಾದ್ರೂ ಓಡಿಸ್ಬಹುದು. ಇನ್ನು ನೀನಿದ್ದು ಮಾಡೋದೇನಿದೆ ಹೇಳು? ಸುಬ್ರಹ್ಮಣ್ಯಂದು ಹಂಗಲ್ಲ. ಅವನಿಲ್ದಿದ್ರೆ ಅದು ನಡಿಯೋದೇ ಇಲ್ಲ."

ಕೈ ಕೆಸರಾದರೆ ಬಾಯಿ ಮೊಸರು ಎಂದು ಶಾಲೆಯಲ್ಲಿ ಹೇಳಿಕೊಟ್ಟವರನ್ನು ಹುಡುಕಿಕೊಂಡು ಹೋಗಿ ಕೇಳಬೇಕೆನಿಸಿತು ನನಗೆ. ಕೆಟ್ಟದಾಗಿ ಬರೆದವನಿಗೆ ಖಾಯಂ, ಚೆನ್ನಾಗಿ ಬರೆದವಳಿಗೆ ಗೌನಿಪಲ್ಲಿ ಬಸ್ಸು. ಆ ಆರ್ಡರನ್ನು ಟೈಪ್ ಮಾಡಿದ್ದೂ ನಾನೇ. ಸಿಟ್ಟಿಗೆ ಎಷ್ಟು ಜೋರಾಗಿ ಕುಟ್ಟಿದೆನೆಂದರೆ ಕಾಗದದಲ್ಲಿ ಪೂರ್ಣವಿರಾಮಗಳೆಲ್ಲ ತೂತಾಗಿದ್ದವು.

ಮರುವರ್ಷ ಬೋನಸ್ ಹೊತ್ತಿಗೆ ಮಿಷನ್ ನಿಂತಿತು. ಕೋದಂಡರಾಮಪ್ಪನವರು ನನ್ನನ್ನು ಜೀಪಿನಲ್ಲಿ ಗೌನಿಪಲ್ಲಿಗೆ ಅಟ್ಟಿದರು, ನನ್ನ ಮಾತಾದರೆ ಅವಳು ಕೇಳುತ್ತಾಳೆಂದು. ಮನೆಯ ಮುಂದಿನ ನೆರಳಿನಲ್ಲಿ ಅವಳು ಸಸಿಗಳ ನಡುವೆ ಕೂತು ಕಸಿ ಕಟ್ಟುತ್ತಿದ್ದಳು.

"ನಂದು ನಿಂತಿದೆಯಾ ಅಕ್ಕ?" ಅವಳ ಮೊದಲ ಮಾತೇ ಅದು.

"ಇಲ್ಲ ಕಣೇ. ನಿಂದು ಓಡ್ತಿದೆ. ಅವನದೇ ಎಲ್ಲೋ ಹರಿದಿದೆ, ಅವನಿಗೇ ಸಿಗ್ತಿಲ್ಲ. ನೀನು ಬಂದು ನೋಡ್ಬೇಕಂತೆ."

ಅವಳ ಮುಖ ಅರಳಿತು. ಕೈ ಒರೆಸಿಕೊಂಡಳು. "ಖಾಯಂ ಅಂದ್ರಾ?"

ನನಗೆ ಸುಳ್ಳು ಹೇಳಲು ಆಗಲಿಲ್ಲ. "ಒಂದು ವಾರಕ್ಕೆ. ದಿನಗೂಲಿ."

ಅವಳು ಬಗ್ಗಿ, ಅರ್ಧಕ್ಕೆ ಬಿಟ್ಟಿದ್ದ ಕಸಿಯ ಗಂಟನ್ನು ಮತ್ತೆ ಹಿಡಿದಳು. "ನಾನಿಲ್ದಿದ್ರೂ ಓಡ್ಲಿ ಅಂತಾನೇ ಬರೆದಿದ್ದೆ ಅಕ್ಕ. ಓಡ್ತಿದೆ. ಅಲ್ಲಿಗೆ ನನ್ನ ಕೆಲಸ ಮುಗೀತು." ಕಣ್ಣು ಒದ್ದೆಯಾಗಿತ್ತು, ದನಿ ಆಗಿರಲಿಲ್ಲ.

ಒಳಗಿನಿಂದ ದೊಡ್ಡವೆಂಕಟಪ್ಪ ಕೂಗಿದ, "ಗಂಗಾ, ಜೀಪಿನೋರಿಗೆ ಕಾಫಿ ತಾರಮ್ಮ!"

ಅವಳು ನನ್ನನ್ನೊಮ್ಮೆ ನೋಡಿದಳು. ಅರ್ಧ ಕಟ್ಟಿದ ಗಂಟನ್ನು ಹಾಗೆಯೇ ಬಿಟ್ಟು ಎದ್ದು ಒಳಗೆ ಹೋದಳು.