ಮೂರನೇ ತಿಂಗಳಲ್ಲಿ ಕೂಡದ ಅಂಗುಳ

ನನ್ನ ಅಕ್ಕನ ಕೂಸಿನ ಬಾಯಿಯನ್ನು ನೀವು ತೆರೆದು ನೋಡಲಿಲ್ಲ. ಹೆರಿಗೆ ಮಾಡಿಸಿದ ವೈದ್ಯರೇ, ತೂಕ ನೋಡಿದಿರಿ, ಕೈಕಾಲು ನೋಡಿದಿರಿ, ಎಲ್ಲ ಸರಿಯಿದೆ ಎಂದು ಮನೆಗೆ ಕಳಿಸಿದಿರಿ. ನನಗೆ ದಂತವೈದ್ಯಕೀಯ ಕಲಿಸುತ್ತಿರುವ ಗುರುಗಳೇ, ನಿಮ್ಮ ಮೇಲಿನ ಆರೋಪ ಇದಕ್ಕಿಂತ ದೊಡ್ಡದು.

ಖಾನಾಪುರದ ಅಕ್ಕನ ಮನೆಯಲ್ಲಿ ಕೂಸು ಮೊಲೆ ಚೀಪಿ ಚೀಪಿ ಸೋಲುತ್ತಿತ್ತು. ಬಾಯಿಗೆ ಹೋದ ಹಾಲು ಮೂಗಿನಿಂದ ಇಳಿಯುತ್ತಿತ್ತು. ಉಷ್ಣವೇರಿದೆ ಎಂದು ಅಕ್ಕನ ಅತ್ತೆ ನೆತ್ತಿಗೆ ಹರಳೆಣ್ಣೆ ತುಂಬುತ್ತಿದ್ದರು. ಕಾಲೇಜಿಗೆಂದು ಹಿಂದವಾಡಿಯಲ್ಲಿ ಹಿಡಿದ ಕೋಣೆಯಿಂದ ರಜೆಗೆ ಹೋದವಳು, ಕೂಸು ಅಳಲು ಬಾಯಿ ತೆರೆದಾಗ ಮೊಬೈಲಿನ ಬೆಳಕು ಹಿಡಿದೆ.

"ಹಲ್ಲಿನ ಡಾಕ್ಟರಗ ಹಲ್ಲಿಲ್ಲದ ಕೂಸಿನ ಬಾಯಾಗ ಏನವಾ ಕೆಲಸ?" ಅತ್ತೆ ನಕ್ಕರು.

ತುಟಿ ನೆಟ್ಟಗಿತ್ತು. ಆದರೆ ಬಾಯಿಯ ಮೇಲ್ಭಾಗದ ಅಂಗುಳದ ಹಿಂದಿನರ್ಧ ಸೀಳಿತ್ತು.

ಆ ಸೀಳನ್ನು ನಾನು ಕಾಗದದ ಮೇಲೆ ಬಲ್ಲೆ. ಮೊದಲ ವರ್ಷದಲ್ಲಿ ಭ್ರೂಣದ ಮುಖವನ್ನು ಬಣ್ಣದ ಪೆನ್ಸಿಲ್ಲುಗಳಲ್ಲಿ ಬಿಡಿಸುತ್ತಿದ್ದೆವು. ಅಂಗುಳದ ಎರಡು ಮಡಿಕೆಗಳು ಮೊದಲು ನಾಲಿಗೆಯ ಅಕ್ಕಪಕ್ಕ ಕೆಳಕ್ಕೆ ಜೋತಿರುತ್ತವೆ. ನಾಲಿಗೆ ತಗ್ಗಿ ದಾರಿ ಬಿಡುತ್ತದೆ. ಮಡಿಕೆಗಳು ಮೇಲೆದ್ದು, ಮುಂದಿನಿಂದ ಹಿಂದಕ್ಕೆ ಕೂಡುತ್ತ ಹೋಗುತ್ತವೆ. ಮೂರನೇ ತಿಂಗಳ ಹೊತ್ತಿಗೆ ಆ ಕೆಲಸ ಮುಗಿಯುತ್ತದೆ. ಕೂಡದಿದ್ದರೆ ಸೀಳು. ಗೆರೆ ಸ್ವಚ್ಛವಾಗಿದ್ದರೆ ಪೂರ್ತಿ ಅಂಕ.

ಸೀಳಿನ ಸುದ್ದಿ ಕೇಳಿ ಅತ್ತೆಯ ನಗು ನಿಂತಿತು. "ಗ್ರಹಣದ ದಿನ ಈಳಿಗಿ ಮುಟ್ಟಬ್ಯಾಡ ಅಂದಿದ್ದೆ. ಕೇಳಲಿಲ್ಲ ಈಕಿ, ಬದನಿಕಾಯಿ ಹೆಚ್ಚಾಕ ಕುಂತ್ಲು. ಈಗ ನೋಡು!"

ಅಕ್ಕ ತಲೆ ತಗ್ಗಿಸಿದಳು. ನನಗೋ ಒಳಗೊಳಗೇ ಹಿಗ್ಗು. ಕಲಿತದ್ದು ಮೊದಲ ಬಾರಿಗೆ ಒಬ್ಬರನ್ನು ಕಾಪಾಡುವಂತಿತ್ತು.

"ಅತ್ತೀ, ಗ್ರಹಣ ಬಂದಾಗ ಅಕ್ಕಗ ಏಳನೇ ತಿಂಗಳ ಇತ್ತಲ್ರಿ. ಅಂಗುಳ ಕೂಡೂದು ಮೂರನೇ ತಿಂಗಳದಾಗ. ಈಳಿಗಿಗೂ ಇದಕ್ಕೂ ಸಂಬಂಧ ಇಲ್ರಿ."

ಅತ್ತೆ ಬೆರಳಿನ ಮೇಲೆ ತಿಂಗಳು ಎಣಿಸಿದರು. ಆಮೇಲೆ ಅಕ್ಕನ ಕಡೆಗೆ ತಿರುಗಿದರು.

"ಹಂಗಾರ ಮೂರನೇ ತಿಂಗಳದಾಗ ಏನ್ ಮಾಡ್ಕೊಂಡಿ? ಖರೇ ಹೇಳು."

"ಏನೂ ಇಲ್ರಿ. ಅವ್ವನ ಮನಿಗೆ ಹೋಗಿ ಬಂದಿದ್ದೆ, ಅಷ್ಟ."

"ಬಸ್ಸಿನ್ಯಾಗ?"

"ಹೂಂ ರೀ."

"ಬಸ್ಸಿನ್ಯಾಗ!" ಅತ್ತೆ ಹಣೆ ಬಡಿದುಕೊಂಡರು.

ಬಸ್ಸಿನಿಂದ ಹೀಗಾಗುವುದಿಲ್ಲ, ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ ಎಂದು ನಾನು ಅಂಗಲಾಚಿದೆ.

"ಕಾರಣ ಗೊತ್ತಿಲ್ಲಂದ್ರ ನಿಮಗ ಅಲ್ಲಿ ಏನ್ ಕಲಸ್ತಾರವಾ?"

ಗುರುಗಳೇ, ಈ ಪ್ರಶ್ನೆಗೆ ಉತ್ತರಿಸಬೇಕಾದವರು ನೀವು. ಯಾವ ವಾರದಲ್ಲಿ ಯಾವುದು ಕೂಡುತ್ತದೆಂದು ಕಲಿಸಿದಿರಿ. ಕೂಡದ ಕೂಸಿನ ತಾಯಿಯ ಎದುರು ನಮ್ಮನ್ನು ಒಮ್ಮೆಯೂ ಕೂರಿಸಲಿಲ್ಲ. ಅಕ್ಕನನ್ನು ಬಿಡಿಸಲೆಂದು ನಾನಾಡಿದ ನಿಜವೇ ಆಕೆಯ ಮೇಲೆ ಹೊಸ ಅಪರಾಧ ಹೊರಿಸಿತು.

ಆಮೇಲೆ ತೋರಿಸಿದ ದೊಡ್ಡಾಸ್ಪತ್ರೆಯವರು, ಶಸ್ತ್ರಚಿಕಿತ್ಸೆಗೆ ಕೂಸು ಇನ್ನೂ ಬೆಳೆಯಬೇಕು, ಮೈ ತುಂಬಬೇಕು ಎಂದಿದ್ದಾರೆ. ನೆಟ್ಟಗೆ ಕೂರಿಸಿ ಚಮಚದಲ್ಲಿ ಹಾಲು ಹಾಕುತ್ತಾಳೆ ಅಕ್ಕ. ಅರ್ಧ ಹೊರಗೆ ಬರುತ್ತದೆ. ನನ್ನೊಡನೆ ಫೋನಿನಲ್ಲಿ ಬೇರೆ ಮಾತೇ ಇಲ್ಲ. "ಆ ಬಸ್ ಹತ್ತಬಾರದಿತ್ತು ನಾ. ಹೌದಲ್ಲ?" ಅಲ್ಲ ಎನ್ನುತ್ತೇನೆ. ಮರುದಿನ ಮತ್ತೆ ಅದನ್ನೇ ಕೇಳುತ್ತಾಳೆ.

ಆದಕಾರಣ ವಿನಂತಿಸುತ್ತೇನೆ. ವೈದ್ಯರೇ, ಆ ಬಾಯಿಯನ್ನು ಏಕೆ ನೋಡಲಿಲ್ಲವೆಂದು ಲಿಖಿತವಾಗಿ ಉತ್ತರಿಸಿ. ಇನ್ನು ಮುಂದೆ ಪ್ರತಿ ಕೂಸಿನ ಅಂಗುಳಕ್ಕೆ ಬೆಳಕು ಹಿಡಿದು ನೋಡಿಯೇ ಮನೆಗೆ ಕಳಿಸಿ. ಗುರುಗಳೇ, ನಿಮ್ಮಲ್ಲೊಬ್ಬರು ಖಾನಾಪುರಕ್ಕೆ ಬಂದು, ಅತ್ತೆಯ ಎದುರಿಗೇ, ಮೂರನೇ ತಿಂಗಳಲ್ಲಿ ಈಕೆ ಯಾವ ತಪ್ಪನ್ನೂ ಮಾಡಿಲ್ಲ ಎಂದು ನನ್ನ ಅಕ್ಕನಿಗೆ ಹೇಳಬೇಕು. ನಾನು ಹೇಳಿ ಆಗಿದೆ.